ಬೀದಿ ಕೋಣೆಯ ಏಳು ಷರತ್ತು

‘ಬೇಡ’ ಅನ್ನುವ ಮಾತನ್ನು ನಾನು ಬಹಳ ತಡವಾಗಿ ಕಲಿತೆ. ಕಲಿತ ಮೇಲೆ ಅದನ್ನು ಆಡಬಾರದ ಕಡೆ ಆಡಿದೆ. ನಿವೃತ್ತಿಯಾಗಿ ಮನೆಯಲ್ಲಿ ಕೂತವರಿಗೆ ಇಂಥದ್ದೆಲ್ಲ ಒಂದೊಂದಾಗಿ ನೆನಪಿಗೆ ಬರುತ್ತದೆ. ಯಾರಿಗಾದರೂ ಹೇಳಿಬಿಡಬೇಕು ಅನ್ನಿಸುತ್ತದೆ. ಸದ್ಯಕ್ಕೆ ನೀವು ಸಿಕ್ಕಿದ್ದೀರಿ.

ನಮ್ಮ ಮನೆ ಹೆಗ್ಗಡದೇವನಕೋಟೆಯಲ್ಲಿ. ನಾವು ಬರೀ ಕೋಟೆ ಅನ್ನುತ್ತೇವೆ. ಪೂರ್ತಿ ಹೆಸರು ಹಿಡಿದು ಕರೆಯುವುದು ಸರ್ಕಾರಿ ಕಾಗದಗಳು ಮಾತ್ರ. ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದೆ, ಯಜಮಾನರು ಸಹಕಾರ ಸಂಘವೊಂದರಲ್ಲಿ ಗುಮಾಸ್ತರು. ಅತ್ತೆ ತೀರಿಕೊಂಡ ಮೇಲೆ ಅವರಿದ್ದ ಬೀದಿ ಕಡೆಯ ಕೋಣೆ ಖಾಲಿಯಾಯಿತು. ಆ ಕೋಣೆಗೆ ಬೀದಿಗೊಂದು ಬಾಗಿಲು, ನಮ್ಮ ನಡುಮನೆಗೊಂದು ಬಾಗಿಲು. ಆಗೆಲ್ಲ ಕೋಟೆಗೆ ವರ್ಗವಾಗಿ ಬರುವ ಹೆಣ್ಣುಮಕ್ಕಳು ಕಾಡಿನ ಪಕ್ಕದ ತಾಲ್ಲೂಕು ಸಿಕ್ಕಿತಲ್ಲ ಎಂದು ಒಂದು ಸಲ ಅಳುತ್ತ ಬರುತ್ತಿದ್ದರು. ಒಂಟಿ ಹೆಂಗಸಿಗೆ ಮನೆ ಕೊಡುವವರಿಲ್ಲವಲ್ಲ ಎಂದು ಬಂದ ಮೇಲೆ ಇನ್ನೊಂದು ಸಲ ಅಳುತ್ತಿದ್ದರು. ಅವರ ಕಷ್ಟ ನೋಡಲಾರದೆ ಕೋಣೆ ಕೊಟ್ಟೆವು ಎಂದು ಊರಿಗೆಲ್ಲ ಹೇಳಿಕೊಂಡೆ. ನಿಜವಾಗಿ, ಅತ್ತೆಯ ಮುಚ್ಚಿದ ಬಾಗಿಲನ್ನು ದಿನಾ ನೋಡುವುದು ನನ್ನಿಂದ ಆಗುತ್ತಿರಲಿಲ್ಲ.

ಪೇಯಿಂಗ್ ಗೆಸ್ಟ್ ಅನ್ನುವ ಮಾತೇ ವಿಚಿತ್ರ. ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಮಕ್ಕಳಿಗೆ ಪಾಠ ಹೇಳುತ್ತಿದ್ದವಳು ನಾನು. ಇವರು ತಿಂಗಳ ಒಂದನೇ ತಾರೀಖಿಗೆ ಸರಿಯಾಗಿ ಬರುವವರು. ಇವರನ್ನು ನೆಂಟರು ಎನ್ನಬೇಕೋ, ಗಿರಾಕಿ ಎನ್ನಬೇಕೋ? ನಮ್ಮ ಭಾಷೆಯಲ್ಲಿ ಇದಕ್ಕೊಂದು ಮಾತಿಲ್ಲ. ಮಾತೇ ಇಲ್ಲದ ಸಂಬಂಧದಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಗೊತ್ತಾಗುವುದಾದರೂ ಹೇಗೆ?

ಮೊದಲು ಬಂದವರು ಸಾಲಿಗ್ರಾಮದ ಗಿರಿಜಮ್ಮ, ರೇಷ್ಮೆ ಇಲಾಖೆಯವರು, ಐವತ್ತರ ಹತ್ತಿರದ ಹೆಂಗಸು. ಮೊದಲ ವಾರ ಕೋಣೆಯಲ್ಲಿದ್ದರು. ಎರಡನೇ ವಾರ ನಡುಮನೆಗೆ ಬಂದರು. ತಿಂಗಳು ತುಂಬುವಷ್ಟರಲ್ಲಿ ಅಡುಗೆಮನೆಯಲ್ಲಿ ನಿಂತು ನನ್ನ ಸಾರಿಗೆ ಸೌಟು ಹಾಕಿ, "ಹುಣಸೆಹಣ್ಣು ಜಾಸ್ತಿ ಆಯ್ತು ಕಣ್ರೀ, ನಾಳೆಯಿಂದ ನಾನು ಹೇಳಿದಂಗೆ ಮಾಡಿ" ಎನ್ನುತ್ತಿದ್ದರು. ಯಜಮಾನರ ಈಜಿಚೇರು ಅವರದಾಯಿತು. ಮನೆಗೆ ಹೊಸದಾಗಿ ಬಂದಿದ್ದ ಫೋನನ್ನು ಎತ್ತುವುದೂ ಅವರೇ. ನಾನು ಜ್ವರ ಎಂದು ರಜೆ ಹಾಕಿ ಪಿರಿಯಾಪಟ್ಟಣಕ್ಕೆ ಮದುವೆಗೆ ಹೋಗಿದ್ದ ದಿನ ನಮ್ಮ ಹೆಡ್‌ಮಾಸ್ಟರು ಫೋನ್ ಮಾಡಿ ಹೇಗಿದ್ದಾರೆ ಎಂದು ವಿಚಾರಿಸಿದರಂತೆ. "ಜ್ವರಾನಾ? ರೇಷ್ಮೆ ಸೀರೆ ಉಟ್ಕೊಂಡು ಮದ್ವೆಗೆ ಹೋಗವ್ರೆ ಕಣ್ರೀ, ಚೆನ್ನಾಗವ್ರೆ" ಎಂದು ಗಿರಿಜಮ್ಮ ಅವರಿಗೆ ಸಮಾಧಾನ ಹೇಳಿದರು. ಇಷ್ಟೆಲ್ಲ ಆದರೂ ‘ಬೇಡ’ ಎನ್ನಲು ನನಗೆ ಬಾಯಿ ಬರಲಿಲ್ಲ. ಎರಡು ವರ್ಷಕ್ಕೆ ವರ್ಗವಾಗಿ ಅವರೇ ಹೋದರು. ಹೋಗುವಾಗ ನನ್ನನ್ನು ತಬ್ಬಿಕೊಂಡು ಅತ್ತರು. ನಾನೂ ಅತ್ತೆ. ನನ್ನ ಕಾರಣ ಬೇರೆ ಇತ್ತು.

ಹಳೇ ಮನೆಗಳಿಗೆ ಈ ತಾಪತ್ರಯ ಇರಲಿಲ್ಲ ಅನ್ನಿಸುತ್ತದೆ. ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ ಎಂದು ಮನೆಯೇ ಒಬ್ಬೊಬ್ಬರನ್ನು ಒಂದೊಂದು ಕಡೆ ನಿಲ್ಲಿಸುತ್ತಿತ್ತು. ಮನೆಯಾಕೆ ಬಾಯಿ ಬಿಡಬೇಕಾಗಿರಲಿಲ್ಲ. ಯಾರ್ಯಾರು ಜಗಲಿಯಿಂದಲೇ ಹಿಂದಿರುಗುತ್ತಿದ್ದರು, ಯಾಕೆ, ಎಂದು ನಾನು ಆಗ ಕೇಳಿಕೊಂಡವಳಲ್ಲ. ನನ್ನ ಮನೆಗೆ ಜಗಲಿ ಇಲ್ಲವಲ್ಲ ಎಂಬುದಷ್ಟೇ ನನ್ನ ಕೊರಗಾಗಿತ್ತು. ಹಾಗಾಗಿ ಒಂದು ಭಾನುವಾರ ಕೂತು ಷರತ್ತುಗಳನ್ನು ಬರೆದೆ. ನಡುಬಾಗಿಲು ದಾಟುವಂತಿಲ್ಲ, ಊಟದ ಹೊತ್ತಿಗೆ ಮಾತ್ರ ಬರಬಹುದು. ಫೋನು ಮುಟ್ಟುವಂತಿಲ್ಲ. ನೆಂಟರು ಉಳಿಯುವಂತಿಲ್ಲ. ಗಂಡಸರು ಗೇಟು ದಾಟಿ ಒಳಗೆ ಬರುವಂತಿಲ್ಲ. ಹೀಗೆ ಏಳು. ಬರೆದು ಮುಗಿಸಿದಾಗ ನನಗೇ ನನ್ನ ಮೇಲೆ ಗೌರವ ಬಂತು.

ಅದನ್ನು ಮೊದಲು ಓದಿದವಳು ಗೌರಿ. ಅಂತರಸಂತೆಯ ಆಚೆ, ಕಾಕನಕೋಟೆ ಕಾಡಿನ ಅಂಚಿನ ಒಂದು ಹಾಡಿಯ ಹುಡುಗಿ. ಅವಳ ಬುಡಕಟ್ಟಿನ ಜನರ ಗುಡಿಸಲುಗಳು ಗುಂಪಾಗಿರುವ ಜಾಗಕ್ಕೆ ಹಾಡಿ ಎನ್ನುತ್ತಾರೆ. ಆ ಹಾಡಿಯಿಂದ ಸರ್ಕಾರಿ ಕೆಲಸಕ್ಕೆ ಸೇರಿದವಳು ಅವಳೊಬ್ಬಳೇ. ತಾಲ್ಲೂಕು ಕಚೇರಿಯಲ್ಲಿ ಟೈಪಿಸ್ಟ್. ಕೋಣೆ ನೋಡಲು ಬಂದಾಗ ನಾನು ಎಲ್ಲರನ್ನೂ ಕೇಳುವಂತೆ "ಯಾವ ಕಡೆಯವರಮ್ಮ?" ಎಂದೆ. ಅವಳು ಹಾಡಿಯ ಹೆಸರು ಹೇಳಿದಳು. ನಾನು ಒಂದು ಗಳಿಗೆ ಸುಮ್ಮನಿದ್ದೆ. ಆ ಒಂದು ಗಳಿಗೆಯನ್ನು ಅವಳು ಗಮನಿಸಿದಳು ಎಂಬುದು ನನಗೆ ಗೊತ್ತಾಯಿತು. ಆಮೇಲೆ ಷರತ್ತಿನ ಹಾಳೆ ಕೊಟ್ಟೆ. ಓದಿ, "ಇದ್ನ ಟೈಪ್ ಮಾಡ್ಕೊಂಡು ಬತ್ತೀನಿ ಮೇಡಂ, ಅಕ್ಷರ ಸಣ್ಣವಾಗವೆ" ಎಂದಳು. ಮಾರನೆಯ ದಿನ ಅಚ್ಚುಕಟ್ಟಾಗಿ ಟೈಪಾಗಿ ಬಂತು. ಕನ್ನಡ ಮೇಡಂ ಮಾಡಿದ್ದ ಎರಡು ಕಾಗುಣಿತದ ತಪ್ಪನ್ನು ಸದ್ದಿಲ್ಲದೆ ತಿದ್ದಿದ್ದಳು.

ಅವಳು ಮನೆಯಲ್ಲಿದ್ದಾಳೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ಊಟಕ್ಕೆ ಬಂದರೆ ತಟ್ಟೆ ತೊಳೆದಿಟ್ಟು ಹೋಗುವಳು. ಏನಾದರೂ ಕೇಳಬೇಕಿದ್ದರೆ ನಡುಬಾಗಿಲ ಆಚೆಯೇ ನಿಂತು ಕೇಳುವಳು. ಗಿರಿಜಮ್ಮನ ಕೈಯಲ್ಲಿ ನೊಂದಿದ್ದ ನಾನು, ಷರತ್ತು ಎಂದರೆ ಹೀಗೆ ಕೆಲಸ ಮಾಡಬೇಕು ಎಂದು ಸ್ಟಾಫ್ ರೂಮಿನಲ್ಲಿ ಬೀಗಿದೆ.

ಒಂದು ದಿನ ನಾನು ರಜೆಯಲ್ಲಿ ಮನೆಯಲ್ಲೇ ಇದ್ದೆ. ಗೌರಿ ಕಚೇರಿ ಕೆಲಸಕ್ಕೆಂದು ಮೈಸೂರಿಗೆ ಹೋಗಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ಎದುರಿನ ಹೊಂಗೆಮರದ ಕೆಳಗೆ ಒಬ್ಬ ಮುದುಕ ಬಂದು ಕುಕ್ಕರಗಾಲಲ್ಲಿ ಕೂತ. ಕೈಯಲ್ಲೊಂದು ಬಟ್ಟೆ ಚೀಲ. ಕಣ್ಣೆಲ್ಲ ನಮ್ಮ ಮನೆಯ ಮೇಲೆ. ಅಡುಗೆ ಮುಗಿಸಿ ನೋಡಿದೆ, ಇದ್ದ. ಊಟ ಮಾಡಿ ಒಂದು ನಿದ್ದೆ ತೆಗೆದು ನೋಡಿದೆ, ಆಗಲೂ ಇದ್ದ, ಕೆಮ್ಮುತ್ತಿದ್ದ. ಮರದ ನೆರಳು ಆಚೆ ಸರಿದಿತ್ತು. ನಾನು ಎದ್ದು ಬೀದಿ ಬಾಗಿಲಿಗೆ ಅಗುಳಿ ಹಾಕಿದೆ. ಐದೂವರೆಗೆ ಗೌರಿ ಬಂದಳು. ಇಬ್ಬರೂ ಗೇಟಿನ ಹೊರಗೆ ನಿಂತು ಐದು ನಿಮಿಷ ಮಾತಾಡಿದರು. ಅವನು ಚೀಲ ಕೊಟ್ಟು ಬಸ್ಸಿಗೆ ಹೊರಟುಹೋದ.

ಊಟಕ್ಕೆ ಬಂದಾಗ ಯಾರೆಂದು ಕೇಳಿದೆ.

"ನಮ್ಮಪ್ಪ ಮೇಡಂ."

"ಅಯ್ಯೋ, ಬೆಳಿಗ್ಗೆಯಿಂದ ಕೂತಿದ್ರಲ್ಲಮ್ಮ. ಬಂದು ಬಾಗಿಲು ತಟ್ಟೋಕೇನಾಗಿತ್ತು?"

"ಗಂಡಸ್ರು ಗೇಟು ದಾಟಂಗಿಲ್ಲ ಅಂತ ನಾನೇ ಹೇಳಿದ್ದೆ."

"ಅದು ಅಪ್ಪನಿಗಲ್ಲ ಕಣಮ್ಮ."

"ಅಂಗಂತ ಅದ್ರಲ್ಲಿ ಇರ್ನಿಲ್ಲ ಮೇಡಂ. ನಾನೇ ಅಲ್ವಾ ಟೈಪ್ ಮಾಡಿದ್ದು." ದೂರಿನ ದನಿಯಲ್ಲ, ಇದ್ದದ್ದನ್ನು ಹೇಳುವ ದನಿ.

ನನಗೆ ನಾಚಿಕೆಯಾಯಿತು. ನಾಚಿಕೆಯಾದಾಗ ಮನುಷ್ಯರು ಧಾರಾಳವಾಗಿ ಮಾತಾಡುತ್ತಾರೆ. "ಇನ್ನೊಂದ್ಸಲ ಬಂದರೆ ಸೀದಾ ಒಳಗೆ ಕರ್ಕೊಂಡು ಬಾ. ನಮ್ಮ ಜೊತೆಗೇ ಊಟ ಮಾಡ್ಲಿ" ಎಂದೆ. ಅವಳ ಮುಖ ಅರಳಿತು. ಚೀಲದಲ್ಲಿದ್ದ ಕಾಡುಗೆಣಸಿನಲ್ಲಿ ಅರ್ಧ ನನಗೆ ಕೊಟ್ಟಳು. ನಾನು ಅದನ್ನು ಬೇಯಿಸಲಿಲ್ಲ, ಕೆಲಸದವಳಿಗೆ ಕೊಟ್ಟೆ. ಬಹಳ ರುಚಿಯಾಗಿತ್ತು ಎಂದು ಗೌರಿಗೆ ಹೇಳಿದೆ.

ಮೂರು ತಿಂಗಳಾಗಿರಬೇಕು. ಒಂದು ಭಾನುವಾರ ಮಧ್ಯಾಹ್ನ ಅವಳು ನಡುಬಾಗಿಲ ಆಚೆ ಬಂದು ನಿಂತಳು. ಅಪ್ಪನ ಕೆಮ್ಮು ಹೆಚ್ಚಾಗಿದೆ, ಕಫದಲ್ಲಿ ರಕ್ತ ಬೀಳುತ್ತಿದೆ, ಮೈಸೂರಿನ ಆಸ್ಪತ್ರೆಯಲ್ಲಿ ಮೂರು ದಿನ ಒಂದೇ ಸಮನೆ ಬೆಳಿಗ್ಗೆ ಎಂಟಕ್ಕೆಲ್ಲ ಬರಬೇಕು ಎಂದಿದ್ದಾರೆ. ಹಾಡಿಯ ಕಡೆಯಿಂದ ಹೊರಡುವ ಮೊದಲ ಬಸ್ಸೇ ಒಂಬತ್ತಕ್ಕೆ.

"ಮೂರು ದಿನ ನನ್ನ ಕೋಣೇಲಿ ಇರ್ಲಾ ಮೇಡಂ? ನಾನು ಕೆಳಗೆ ಮಲ್ಕೊತೀನಿ. ಊಟ ಓಟ್ಲಿಂದ ತತ್ತೀನಿ. ಅವ್ರು ಈ ಕಡೆ ಬರಾಕಿಲ್ಲ."

ಜೊತೆಗೆ ಊಟ ಮಾಡಲಿ ಎಂದವಳು ನಾನೇ. ಅದನ್ನು ಅವಳು ನೆನಪಿಸಲಿಲ್ಲ. "ಯಜಮಾನ್ರನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದೆ. ನಮ್ಮ ಕಡೆ ಹೆಂಗಸರಿಗೆ ಇದೊಂದು ಅನುಕೂಲ ಇದೆ.

ಯಜಮಾನರು ನಡುಮನೆಯಲ್ಲಿ ಪೇಪರ್ ಓದುತ್ತಿದ್ದರು. ಹೇಳಿದೆ. "ಇರ್ಲಿ ಬುಡು, ಮೂರು ದಿನ ತಾನೆ, ಪಾಪ" ಎಂದು ಹಾಳೆ ಮಗುಚಿದರು.

ನಾನು ಒಲೆಯ ಮುಂದೆ ಹೋಗಿ ನಿಂತೆ. ಒಂದು ಸಲ ಬಿಟ್ಟರೆ ಮತ್ತೆ ಗಿರಿಜಮ್ಮನ ಕಾಲವೇ ಬಂದೀತು ಎಂದುಕೊಂಡೆ. ಕೆಮ್ಮು ಅಂಟಿದರೆ ಎಂದುಕೊಂಡೆ. ಇವೆರಡೂ ಹೇಳಿಕೊಳ್ಳಬಹುದಾದ ಕಾರಣಗಳು. ಮೂರನೆಯದು ಕೆಲಸದವಳ ಪಾಲಾದ ಗೆಣಸಿಗೆ ಗೊತ್ತಿತ್ತು. ಅರ್ಧ ಗಂಟೆ ಬಿಟ್ಟು ಬಾಗಿಲಿಗೆ ಬಂದು, "ಅವರು ಒಪ್ತಾ ಇಲ್ಲ ಕಣಮ್ಮ. ನನ್ನದೇನೂ ಇಲ್ಲ. ಬಸ್ ಸ್ಟ್ಯಾಂಡ್ ಹತ್ರ ಲಾಡ್ಜ್ ಇದೆಯಲ್ಲ, ವಿಚಾರಿಸಿ ನೋಡು" ಎಂದೆ.

"ಆಗ್ಲಿ ಮೇಡಂ" ಎಂದಳು.

ಅವಳಪ್ಪ ಲಾಡ್ಜಿಗೆ ಹೋಗಲು ಒಪ್ಪಲಿಲ್ಲವಂತೆ. ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಒಂದು ರಾತ್ರಿ ಕಳೆದು, ಒಂದು ದಿನದ ಪರೀಕ್ಷೆ ಮಾಡಿಸಿಕೊಂಡ. ಅವತ್ತು ಸಂಜೆಯೇ ತನ್ನ ಕೈಲಾಗಲ್ಲ ಎಂದು ಮಗಳ ಮಾತು ಕೇಳದೆ ಹಾಡಿಯ ಬಸ್ಸು ಹತ್ತಿದ. ಮತ್ತೆ ಬರಲಿಲ್ಲ. ಯುಗಾದಿ ಕಳೆದು ಸ್ವಲ್ಪ ದಿನಕ್ಕೆ ಗೌರಿ ರಜೆ ಹಾಕಿ ಊರಿಗೆ ಹೋದಳು. ಹನ್ನೆರಡನೆಯ ದಿನ ವಾಪಸು ಬಂದಾಗ ಏನಾಗಿದೆ ಎಂದು ನಾನು ಕೇಳಬೇಕಾಗಿರಲಿಲ್ಲ. ಮೂರೂ ದಿನ ಆಸ್ಪತ್ರೆಗೆ ಹೋಗಿದ್ದರೆ ಉಳಿಯುತ್ತಿದ್ದನೇ? ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ ಎಂಬುದನ್ನು ನಾನು ಬಹಳ ವರ್ಷ ಸಮಾಧಾನವೆಂದು ಇಟ್ಟುಕೊಂಡಿದ್ದೆ. ಅದು ಸಮಾಧಾನದ ಕೆಲಸ ಮಾಡಲಿಲ್ಲ.

ತಿಂಗಳ ಕೊನೆಗೆ ಅವಳು ಕೋಣೆ ಬಿಟ್ಟಳು. ಗುಡಿಸಿ, ಒರೆಸಿ, ಬೀಗದ ಕೈ ತಂದು ಕೊಟ್ಟಳು. "ಯಜಮಾನ್ರಿಗೆ ಹೇಳ್ಬುಡಿ ಮೇಡಂ, ಅವ್ರ ಮೇಲೆ ನಂಗೇನೂ ಬೇಜಾರಿಲ್ಲ ಅಂತ."

ಹೇಳದೆ ಇರಬಹುದಿತ್ತು. ಆದರೆ ಅವಳು ಕೊಟ್ಟು ಹೋದ ಮಾತನ್ನು ಎರಡು ದಿನ ಇಟ್ಟುಕೊಂಡಿದ್ದು, ಮೂರನೆಯ ದಿನ ಹೇಳಿದೆ. "ಬೇಜಾರಾ? ನಾನೇನ್ ಮಾಡ್ದೆ?" ಎಂದರು ಯಜಮಾನರು. ನಡೆದದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಆಮೇಲೆ ಎಷ್ಟೋ ದಿನ, ಮನೆಗೆ ಸಂಬಂಧಪಟ್ಟ ಯಾವ ಮಾತು ಕೇಳಿದರೂ "ನಿನ್ನಿಷ್ಟ" ಎಂದಷ್ಟೇ ಹೇಳುತ್ತಿದ್ದರು. ಕೋಣೆಯನ್ನು ನಾವು ಮತ್ತೆ ಯಾರಿಗೂ ಕೊಡಲಿಲ್ಲ.

ಏಳೆಂಟು ವರ್ಷವಾದ ಮೇಲೆ ಪರಿಚಯದವರ ಗೃಹಪ್ರವೇಶಕ್ಕೆ ಕೆ.ಆರ್. ನಗರಕ್ಕೆ ಹೋಗಿದ್ದೆ. ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ಯಾರೋ "ಮೇಡಂ" ಎಂದರು. ಗೌರಿ. ಮೈ ತುಂಬಿಕೊಂಡಿದ್ದಳು, ಕನ್ನಡಕ ಬಂದಿತ್ತು. ಅಲ್ಲಿಗೇ ವರ್ಗವಾಗಿ, ಮದುವೆಯಾಗಿ, ಸ್ವಂತ ಮನೆಯೂ ಆಗಿತ್ತು. ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಅಷ್ಟು ವರ್ಷ ಮನಸ್ಸಿನಲ್ಲೇ ತಿದ್ದಿ ತೀಡಿದ್ದ ಮಾತು ಕೊನೆಗೆ ಹೊರಬರುವಾಗ ಬೋಳುಬೋಳಾಗಿ ಬಂತು: "ಅವತ್ತು ಬೇಡ ಅಂದದ್ದು ನಮ್ಮ ಯಜಮಾನ್ರಲ್ಲ ಗೌರಿ. ನಾನು."

"ಗೊತ್ತು ಮೇಡಂ. ಆ ಬಾಗ್ಲು ಬರೀ ಹಲಗೆ ಅಲ್ವಾ. ಅವ್ರು ‘ಇರ್ಲಿ ಬುಡು’ ಅಂದಿದ್ದು ನಂಗೆ ಕೇಳಿಸ್ತು."

ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳದಿದ್ದದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ಅವಳೇ ಬೇರೆ ಮಾತು ತೆಗೆದಳು. ಮನೆಯ ಮೇಲೊಂದು ಕೋಣೆ ಹಾಕಿಸಿ, ಕಾಲೇಜಿಗೆ ಬರುವ ಇಬ್ಬರು ಹುಡುಗಿಯರಿಗೆ ಕೊಟ್ಟಿದ್ದಾಳಂತೆ.

"ಷರತ್ತು ಹಾಕಿದೀಯಾ?" ಎಂದೆ.

"ಹಾಕ್ದೆ ಇದ್ರೆ ಆಯ್ತದಾ ಮೇಡಂ? ನಿಮ್ದು ಏಳಿತ್ತು, ನಂದು ಹತ್ತಾಗೈತೆ." ನಕ್ಕಳು. "ಆದ್ರೆ ಮೊದ್ಲು ಮನೇಲಿ ಯಾರ್ಯಾರವ್ರೆ, ಅಪ್ಪ ಅವ್ವನ ಹೆಸರೇನು, ಹುಷಾರಾಗವ್ರಾ ಅಂತ ಕೇಳ್ತೀನಿ. ಷರತ್ತು ಆಮೇಲೆ. ಒಂದೊಂದ್ಸಲ ಮಾತಲ್ಲಿ ಅದ್ನ ಹೇಳೋದೇ ಮರ್ತೋಗಿರುತ್ತೆ."

ನನ್ನ ಬಸ್ಸು ಬಂತು. ಜನ ಎದ್ದರು, ನಾನೂ ಎದ್ದೆ. ಅವಳಿಗೆ ಬರುತ್ತಿದ್ದ ಕಾಗದಗಳ ಮೇಲೆ ಬಿ. ಗೌರಿ ಎಂದಿರುತ್ತಿತ್ತು. ಒಂದು ವರ್ಷಕ್ಕೂ ಮೇಲೆ ಅವನ್ನು ತೆಗೆದು ಅವಳ ಬಾಗಿಲ ಸಂದಿಗೆ ಸಿಕ್ಕಿಸಿದವಳು ನಾನು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ಕೇಳಿದೆ.

"ನಿಮ್ಮಪ್ಪನ ಹೆಸರೇನಮ್ಮ?"

ಅವಳು ನನ್ನನ್ನೇ ನೋಡಿದಳು. ಹೇಳಲೋ ಬೇಡವೋ ಎಂದು ಯೋಚಿಸುವ ಹಾಗಿತ್ತು. ಕಂಡಕ್ಟರು ಸೀಟಿ ಊದಿದ.

"ಬೊಮ್ಮಯ್ಯ" ಎಂದಳು.