ಬೆಲ್ಲ ಹಾಕದ ಸಾರು

ಹಿರೇಕೆರೂರಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದನ್ನು ಓದಿದರೆ ಯಾರೂ ನಂಬಲಿಕ್ಕಿಲ್ಲ.

ನಿವೃತ್ತಿಯ ನಂತರ ನನ್ನ ಪಾಠ ಕೇಳಲು ಉಳಿದವಳು ಹೆಂಡತಿಯೊಬ್ಬಳೇ. ಒಂದು ಬೆಳಿಗ್ಗೆ ನನ್ನ ಮೊಬೈಲಿಗೆ ಅಲ್ಯೂಮಿನಿಯಂ ಪಾತ್ರೆಯೇ ಸಕಲ ರೋಗಗಳ ಮೂಲ ಎಂಬ ಸಂದೇಶ ಬಂತು. ಬರೆದವರು ಯಾರೆಂದು ವಿಚಾರಿಸುವಷ್ಟು ಪುರುಸೊತ್ತು ಇರಲಿಲ್ಲ, ಹಂಚುವ ಕೆಲಸವಿತ್ತು. ಹಾನಗಲ್ಲಿನ ಅಕ್ಕನಿಂದ ಸವಣೂರಿನ ಷಡ್ಡಕನವರೆಗೆ ಎಲ್ಲರಿಗೂ ಕಳಿಸಿ, ಮನೆಯ ಅಲ್ಯೂಮಿನಿಯಂ ಪಾತ್ರೆಗಳನ್ನು ಗುಜರಿಗೆ ಹಾಕಿದೆ. ಅಟ್ಟದ ಮೇಲಿದ್ದ ಅವ್ವನ ಹಿತ್ತಾಳೆ ಬೋಗುಣಿ ಕೆಳಗಿಳಿಯಿತು.

ಹಿತ್ತಾಳೆಯಲ್ಲಿ ಹುಳಿ ಕುದಿಸಬೇಕಾದರೆ ಒಳಗೆ ತವರದ ಕಲಾಯಿ ಬೇಕು. ಕಲಾಯಿಯವನ ತವರ ಎಂಥದೋ ಏನೋ ಎಂಬ ಅನುಮಾನ ನನ್ನಂಥ ಪಂಡಿತನಿಗೆ ಬರಲೇಬೇಕಲ್ಲ. ಸಂತೆಯಲ್ಲಿ ಹಳೇ ಸಾಮಾನಿನ ರಾಶಿಯೊಳಗೆ ಬೆಳ್ಳಗಿನ ಲೋಹದ ಪಟ್ಟಿಯೊಂದು ಸಿಕ್ಕಿತು. ಅದೇನೆಂದು ತನಗೆ ಗೊತ್ತಿಲ್ಲ ಎಂದ ಮಾರುವವನು. ತವರವೆಂದು ಅವನಿಗೆ ನಾನೇ ತಿಳಿಸಿಕೊಟ್ಟೆ.

ಕಲಾಯಿಯವನು ಆ ಪಟ್ಟಿಯನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಬಗ್ಗಿಸಿದ.

"ಇದು ತವರ ಅಲ್ರಿ ಸರ. ತವರ ಬಗ್ಗಿಸಿದ್ರ ಚರಚರ ಅಂತೈತಿ. ಇದು ಮಾತ ಆಡವಲ್ದು."

"ಮಾತಾಡಾಕ ಅದೇನು ನಿಮ್ಮ ಬೀಗರೇನು?" ಎಂದೆ ನಾನು. ನಂತರ ಅವನಿಗೆ ಧಾತುಗಳ ಬಗ್ಗೆ ಅರ್ಧ ಗಂಟೆ ಪಾಠ ಮಾಡಿದೆ. ಒಲೆ ಆರುವ ಹೊತ್ತಿಗೆ ಅವನು ಸೋತು, "ನೀವು ಕಲತವ್ರು, ನಿಮ್ಮಿಷ್ಟರಿ" ಎಂದು ನನ್ನ ಪಟ್ಟಿಯಿಂದಲೇ ಕಲಾಯಿ ಹಾಕಿಕೊಟ್ಟ.

ವಾರದೊಳಗೆ ಹೆಂಡತಿ ಹೇಳಿದಳು: "ಸಾರು ಯಾಕೋ ಸಿಹಿ ಹತ್ತಾಕತ್ತೈತ್ರಿ."

"ಬೆಲ್ಲ ಕಡಿಮಿ ಹಾಕು."

ಅವಳು ಕಡಿಮೆ ಮಾಡಿದಳು. ಆಮೇಲೆ ಪೂರ್ತಿ ಬಿಟ್ಟಳು. "ಇವತ್ತ ಬೆಲ್ಲಾನ ಹಾಕಿಲ್ರಿ, ಆದ್ರೂ ಸಿಹಿ ಐತಿ" ಎಂದಳು. ನಿನ್ನ ನಾಲಿಗೆಗೆ ವಯಸ್ಸಾಯಿತು ಎಂದೆ. ನಮ್ಮ ಬೀಗರ ಮದುವೆಗಳಲ್ಲಿ ಹುಗ್ಗಿಯ ಹದ ಹೇಳಲು ಕರೆಸಿಕೊಳ್ಳುತ್ತಿದ್ದವಳು ಅವಳು. ಅಂದಿನಿಂದ ಬಟ್ಟಲಲ್ಲಿ ಸಾರು ಹಿಡಿದು ಪಕ್ಕದ ಮನೆಗೆ ಹೋಗಿ, ಉಪ್ಪು ನೋಡಿ ಹೇಳ್ರಿ ಎಂದು ಕೇಳತೊಡಗಿದಳು. ನನಗೆ ಅದು ತಮಾಷೆಯಾಗಿ ಕಂಡಿತ್ತು.

ಸಾರು ಆಗುತ್ತಿದ್ದುದು ಸಂಜೆಗೆ. ಬಿಸಿ ಬಿಸಿಯದು ನನಗೆ. ರಾತ್ರಿಯಿಡೀ ಬೋಗುಣಿಯಲ್ಲೇ ಉಳಿದದ್ದು ಮರುದಿನ ರೊಟ್ಟಿಯ ಜೊತೆ ಅವಳಿಗೆ. ನಮ್ಮಲ್ಲಿ ಅದಕ್ಕೆ ಯಾರೂ ಕಾಯ್ದೆ ಬರೆದಿಲ್ಲ, ಆದರೂ ಎಲ್ಲ ಮನೆಗಳಲ್ಲೂ ಜಾರಿಯಲ್ಲಿದೆ.

ಮೂರು ತಿಂಗಳಿಗೆ ಅವಳ ಹೊಟ್ಟೆಯಲ್ಲಿ ಹಿಂಡುವಂಥ ನೋವು ಶುರುವಾಯಿತು. ಮಲಬದ್ಧತೆ, ಸುಸ್ತು. ರೊಟ್ಟಿ ಬಡಿಯುವಾಗ ಅರ್ಧಕ್ಕೆ ಕೂರುತ್ತಿದ್ದಳು. ಅಕ್ಕ ದೃಷ್ಟಿ ತೆಗೆಯಲು ಹೇಳಿದಳು. ಷಡ್ಡಕ ಸವಣೂರಿನ ಎಳೆ ವೀಳ್ಯದೆಲೆಯ ಕಟ್ಟು ಕಳಿಸಿದ, ಜೀರ್ಣಕ್ಕೆಂದು. ಶಿಗ್ಗಾಂವಿಯ ಮೈದುನನ ಪ್ರಕಾರ ಅದು ಗ್ಯಾಸು. ನಾನು ಹೆಚ್ಚು ವೈಜ್ಞಾನಿಕವಾಗಿ ಯೋಚಿಸಿ ಟೆನ್ಶನ್ ಎಂದೆ.

ಕಡೆಗೆ ಹಾವೇರಿ ಬಸ್ಸು ಹತ್ತಿದೆವು. ಅಲ್ಲಿ ನನ್ನ ಶಿಷ್ಯೆಯಾಗುವಷ್ಟು ವಯಸ್ಸಿನ ಡಾಕ್ಟರಮ್ಮ ಅವಳ ಒಸಡು ನೋಡಿದಳು. ಅಲ್ಲಿ ನೀಲಿ ಗೆರೆಯೊಂದಿತ್ತು. ಮನೆಯಲ್ಲಿ ಏನೇನು ಬದಲಾಗಿದೆ ಎಂದು ಕೇಳಿ, ಬೋಗುಣಿಗೆ ಹೊಸ ಕಲಾಯಿ ಹಾಕಿಸಿದ್ದನ್ನು ಹೆಂಡತಿಯಿಂದ ತಿಳಿದು, ರಕ್ತವನ್ನು ಪರೀಕ್ಷೆಗೆ ಕಳಿಸಿದಳು. ವರದಿ ಬಂದ ದಿನ ನನ್ನತ್ತ ತಿರುಗಿ ಕೇಳಿದಳು: "ರಕ್ತದಾಗ ಸೀಸ ಭಾಳ ಐತ್ರಿ. ಆ ಕಲಾಯಿ ಎಲ್ಲಿ ಮಾಡಿಸಿದ್ರಿ?"

ಸೀಸ ಮತ್ತು ತವರ ಕೂಡಿಸಿದ ಬೆಸುಗೆಯ ಪಟ್ಟಿ ಅದು. ರಾತ್ರಿಯಿಡೀ ಹುಳಿ ಕರಗಿಸಿದ ಸೀಸವೆಲ್ಲ ಹೆಂಡತಿಯ ಪಾಲಿಗೆ ಬಂದಿತ್ತು. ಸೀಸವು ಹುಳಿಯೊಂದಿಗೆ ಸೇರಿದರೆ ಸಿಹಿ ಲವಣವಾಗುತ್ತದೆ, ಸಿಹಿಯೆಂದು ಮೋಸಹೋಗಬಾರದು ಎಂದು ಪ್ರತಿ ವರ್ಷ ಹತ್ತನೇ ತರಗತಿಗೆ ಹೇಳುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಅಷ್ಟು ವರ್ಷ ಅದನ್ನು ಕೇಳಿಸಿಕೊಳ್ಳದವನು ನಾನೊಬ್ಬನೇ ಇರಬೇಕು.

ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ಸಂತೆ, ಪಟ್ಟಿ, ಕಲಾಯಿಯವನ ಕಿವಿ, ಬೆಲ್ಲವಿಲ್ಲದ ಸಿಹಿ. ಹೆಂಡತಿಗೆ ಕೋಪ ಬರಬೇಕಿತ್ತು, ಬರಲಿ ಎಂದೇ ಕಾದೆ.

ಅವಳು ಕೇಳಿದ್ದು ಬೇರೆ. "ಹಂಗಾರ ನನ್ನ ನಾಲಿಗಿ ಕೆಟ್ಟಿದ್ದಿಲ್ಲೇನ್ರಿ?"

"ಇಲ್ಲ" ಎಂದೆ.

ಅವಳ ರಕ್ತದಿಂದ ಸೀಸ ಇನ್ನೂ ಪೂರ್ತಿ ಇಳಿದಿಲ್ಲ. ಔಷಧಿ, ತಪಾಸಣೆ ನಡೆದಿವೆ. ಆದರೆ ಹಾವೇರಿಯಿಂದ ಮರಳಿದ ಸಂಜೆಯೇ ಹೊಸ ಸ್ಟೀಲು ಪಾತ್ರೆಯಲ್ಲಿ ಸಾರು ಮಾಡಿ, ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿ, ಚಿಟಿಕೆ ಉಪ್ಪು ಹಾಕಿದಳು. ಪಕ್ಕದ ಮನೆಗೆ ಹೋಗಲಿಲ್ಲ.