ಅರಗಿನ ಕಡ್ಡಿಯ ಮೇಲಿನ ಕಲ್ಲು

ಅರಗು ಕಾಯುವ ವಾಸನೆ ಗೊತ್ತೇ ನಿಮಗೆ? ತಳ ಹಿಡಿದ ಬೆಲ್ಲದ ಪಾಕದ ಹಾಗೆ. ಈ ಬೆಳಿಗ್ಗೆ ಒಲೆಯ ಮೇಲೆ ಅದನ್ನು ಕಾಯಿಸುತ್ತಿದ್ದೆ. ಸಾಣೆ ಹಿಡಿಯಲು ಕಡ್ಡಿಯ ತುದಿಗೆ ಅಂಟಿಸಬೇಕಿದ್ದದ್ದು ಮಾವನವರ ಕೆಂಪು ಕಲ್ಲು. ಅಂಥದ್ದು ಇನ್ನೊಂದಿಲ್ಲ.

ಪಿರಿಯಾಪಟ್ಟಣದ ಪಕ್ಕದ ಈ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ಮಳೆ ಬಿದ್ದ ಮಾರನೇ ದಿನ ಮಾವ ತಲೆ ತಗ್ಗಿಸಿಕೊಂಡು ಹೊಲ ಸುತ್ತುತ್ತಿದ್ದರು. ಏನೋ ಕಳೆದುಕೊಂಡಿದ್ದಾರೆಂದು ನಾನೂ ಹಿಂದೆ ಹಿಂದೆಯೇ ಹುಡುಕಿದೆ. ಏನನ್ನು ಹುಡುಕಬೇಕೆಂದು ಕೇಳುವ ಧೈರ್ಯವಿರಲಿಲ್ಲ. ಅತ್ತೆ ಜಗಲಿಯಿಂದ ಕೂಗಿದರು: "ಎಲ್ಲಾರ ಮನೇಲೂ ಕಲ್ಲು ಆರಿಸಿ ಬಿಸಾಕ್ತಾರೆ, ನಮ್ಮನೇಲಿ ಆರಿಸಿ ಮಡಿಕ್ಕತಾರೆ. ನೀನೂ ಸೇರ್ಕಂಡ್ಯಾ!"

ಸೇರಿಕೊಂಡೆ. ಮಳೆಗೆ ಮಣ್ಣು ತೊಳೆದು ಮೇಲೆ ಬಂದ ಕೆಂಪು ಹರಳುಗಳನ್ನು ಆರಿಸುವುದನ್ನೂ ಸಾಣೆ ಹಿಡಿಯುವುದನ್ನೂ ಮಾವನಿಂದಲೇ ಕಲಿತೆ. ಬಟಾಣಿಯಷ್ಟಿದ್ದ ಕಲ್ಲುಗಳನ್ನು ಉಜ್ಜಿ ಉಜ್ಜಿ ಸಾಸಿವೆ ಮಾಡಿದ್ದೇ ನನ್ನ ಸಾಧನೆ.

ಈ ಕಲ್ಲು ಅವರಿಗೆ ಹೊಗೆಸೊಪ್ಪಿನ ಸಾಲಿನಲ್ಲಿ ಸಿಕ್ಕಿದ್ದು. ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟು ಬಿಸಿಲಿಗೆ ಹಿಡಿದರೆ ಒಳಗೆ ಬಿಳಿ ಗೆರೆಗಳು ಮಿಸುಕಾಡುತ್ತಿದ್ದವು. ಸರಿಯಾದ ಕಡೆ ಗುಂಡಗೆ ಸಾಣೆ ಹಿಡಿದರೆ ಅವು ನಡುನೆತ್ತಿಯಲ್ಲಿ ಆರು ಕಾಲಿನ ನಕ್ಷತ್ರವಾಗುತ್ತವೆ, ತಪ್ಪಿದರೆ ಅಂಚಿಗೆ ಜಾರುತ್ತವೆ. ಆ ಭಯಕ್ಕೇ ಮಾವ ವರ್ಷಗಟ್ಟಲೆ "ನಾಳೆ ನೋಡವ" ಎನ್ನುತ್ತಿದ್ದರು. ಕೊನೆಗೊಂದು ದಿನ ಕಲ್ಲನ್ನು ಕಡ್ಡಿಗೆ ಅಂಟಿಸಿ, ಅರಗು ಗಟ್ಟಿಯಾಗಲೆಂದು ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮನೆಯ ಗೋಡೆಗೆ ಒರಗಿಸಿಟ್ಟರು. ಒಳಗೆ ಹೊಗೆಸೊಪ್ಪು ಬೇಯುತ್ತಿದೆ, ಗೋಡೆ ಕಾದಿದೆ ಎಂಬುದು, ಅದಕ್ಕೆ ಬೆಂಕಿ ಹಾಕಿದ ಅವರಿಗೇ ಮರೆತಿತ್ತು. ಅರಗು ಮೆತ್ತಗಾಗಿ ಕಲ್ಲು ವಾಲಿತು. ಅದನ್ನು ಗಮನಿಸದೆ ಸಾಣೆ ಹಿಡಿದರು. ನಕ್ಷತ್ರ ಅಂಚಿಗೆ ಹೋಗಿ ಕೂತಿತು. ಕಲ್ಲನ್ನು ಸುಣ್ಣದ ಡಬ್ಬಿಗೆ ಹಾಕಿ ಮುಚ್ಚಿಬಿಟ್ಟರು.

ಮೊನ್ನೆ ಆ ಡಬ್ಬಿಯನ್ನು ನನ್ನ ಕೈಗಿಟ್ಟರು. ಕಣ್ಣಿನ ನರ ಸೋತಿದೆ, ಇನ್ನು ದೃಷ್ಟಿ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದರು. "ಇನ್ನೊಂದು ಮಗ್ಗುಲು ಸಾಣೆ ಹಿಡೀದೆ ಅಂಗೇ ಅದೆ ಕಣವ್ವ. ಕಣ್ಣಿರೋವಾಗ ಒಂದ್ಸಲ ನೋಡ್ಬುಡ್ತೀನಿ" ಎಂದರು.

ಹಾಗಾಗಿ ಈ ಬೆಳಿಗ್ಗೆ ಸಾಣೆ ಚಕ್ರದ ಮುಂದೆ ಕೂತೆ. ಒಂದು ಸಲ ಉಜ್ಜುವುದು, ಒರೆಸಿ ನೋಡುವುದು, ಮತ್ತೆ ಉಜ್ಜುವುದು. ಉಜ್ಜಿ ಹೋದದ್ದನ್ನು ಮತ್ತೆ ಅಂಟಿಸಲು ಬರುವುದಿಲ್ಲವಲ್ಲ. ಮಾವ ಜಗಲಿಯಿಂದ "ಬಂತಾ?" ಎಂದು ಕೇಳಿದಾಗಲೆಲ್ಲ ಕಲ್ಲನ್ನು ಚಕ್ರದಿಂದ ಎತ್ತಿ ಮತ್ತೊಮ್ಮೆ ಒರೆಸಿ ನೋಡುತ್ತಿದ್ದೆ.

ಕೊನೆಗೆ ಕಡ್ಡಿಯಿಂದ ಬಿಡಿಸಿ, ಎಣ್ಣೆ ಸವರಿ ಅಂಗಳದ ಬಿಸಿಲಿಗೆ ಹಿಡಿದೆ. ಆರೂ ಕಾಲು ಇದ್ದವು! ಆದರೆ ನಕ್ಷತ್ರ ನಡುನೆತ್ತಿಯಲ್ಲಿರಲಿಲ್ಲ, ತುಸು ಎಡಕ್ಕಿತ್ತು. ಹೇಗೆ ಹೇಳಲಿ? ಜಗಲಿಯ ನೆರಳಿನಲ್ಲಿ ಕೂತಿದ್ದ ಮಾವನ ಅಂಗೈಗಿಟ್ಟೆ. ಕಣ್ಣಿನ ಹತ್ತಿರ ತಂದುಕೊಂಡರು.

"ಬಂತು ಕಣವ್ವ! ನಡುಮಧ್ಯಕ್ಕೇ ಕೂತದೆ."

ನೆರಳಿನಲ್ಲಿ ಆ ನಕ್ಷತ್ರ ಯಾರ ಕಣ್ಣಿಗೂ ಕಾಣುವುದಿಲ್ಲ. ಅದು ಅವರಿಗೂ ಗೊತ್ತು. ನನ್ನ ಸಮಾಧಾನಕ್ಕೆ ಹೇಳಿದ ಮಾತು. ಬಿಸಿಲಿಗೆ ಹಿಡಿದು ನೋಡಲೂ ಇಲ್ಲವೆಂದರೆ, ಕಣ್ಣು ಆಗಲೇ ಹೋಗಿಬಿಟ್ಟಿದೆಯೇ?

ರಟ್ಟೆ ಹಿಡಿದು ಅಂಗಳಕ್ಕೆ ಕರೆತಂದೆ. "ಇಲ್ಲಿ ನೋಡಿ ಮಾವ, ಬಿಸಿಲಿಗೆ."

ಅಂಗೈಯನ್ನು ಅತ್ತ ವಾಲಿಸಿದರು, ಇತ್ತ ವಾಲಿಸಿದರು. ಆಮೇಲೆ ಮುಖ ಸಿಂಡರಿಸಿದರು.

"ಅಯ್ಯೋ, ಎಡಕ್ಕೆ ವಾರೆ ಮಾಡಿದ್ದೀಯಲ್ಲವ್ವಾ!"

ಬೈಸಿಕೊಂಡು ಅಷ್ಟು ಸಂತೋಷಪಟ್ಟವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.