ದಸ್ತಿ ತೆಗೆದ ದಲಾಲಿ ಕಾಕಾ

ಮೊನ್ನೆ ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರದಲ್ಲಿ ಆಟೋದಿಂದ ಇಳಿದು ಕಾಲು ಊರುವಷ್ಟರಲ್ಲಿ ಕೆಂಪು ಬಾಳೆಹಣ್ಣಿನ ವಾಸನೆ ಬಂತು. ನನಗೆ ಈಗ ಕಣ್ಣು ಮಂದ, ಕಿವಿಯೂ ಅಷ್ಟಕ್ಕಷ್ಟೇ. ಮೂಗು ಮಾತ್ರ ದೇವರು ಕೊಟ್ಟ ಹಾಗೆಯೇ ಇದೆ. ಕಮಲಾಪುರದ ಬಾಳೆ ಪೂರಾ ಕಳಿತು, ಇನ್ನೇನು ಸಿಪ್ಪೆ ಬಿರಿಯಬೇಕು ಎನ್ನುವಾಗ ಬರುವ ವಾಸನೆ ಅದು. ಹಣ್ಣಿನ ಗಾಡಿಯ ಮುಂದೆ ನಿಂತುಬಿಟ್ಟೆ. ಜೊತೆಗಿದ್ದ ಸೊಸೆ, “ಅತ್ತಿ, ಬಂಗಾರದ ಅಂಗಡಿ ಮುಚ್ತಾರ, ನಡೀರಿ” ಎಂದಳು. ಬಂಗಾರ ಎಲ್ಲಿಗೆ ಓಡಿಹೋಗುತ್ತದೆ? ನನಗೆ ದಲಾಲಿ ಕಾಕಾ ನೆನಪಾಗಿದ್ದರು…

ಅವರಿಗೊಂದು ಹೆಸರಿತ್ತು, ಉದ್ದನೆಯ ಹೆಸರೇ. ಆದರೆ ನಾವ್ಯಾರೂ ಹೆಸರು ಹಿಡಿದು ಕರೆದವರಲ್ಲ. ಆಗಿನ್ನೂ ಗುಲಬರ್ಗಾ ಎನ್ನುತ್ತಿದ್ದ ಈ ಊರಿನ ಸ್ಟೇಶನ್ ಬಜಾರದಲ್ಲಿ ಅವರ ಹಣ್ಣಿನ ದಲಾಲಿ ಅಂಗಡಿ ಇತ್ತು. ಸುತ್ತಲಿನ ತೋಟಗಳ ಮಾಲು ಅಲ್ಲಿಗೆ ಬಂದು, ಕೈ ಬದಲಾಗಿ, ರೈಲು ಹತ್ತಿ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುತ್ತಿತ್ತು. ಅವರ ತಲೆಯ ಮೇಲೆ ಕಿವಿಯವರೆಗೆ ಇಳಿಯುವ ಬಿಳಿ ಟೋಪಿ, ಹೆಗಲ ಮೇಲೆ ಒಂದು ದಸ್ತಿ. ದಸ್ತಿ ಅಂದರೆ ಕೈ ಒರೆಸಲಿಕ್ಕೆ, ಬೆವರು ಒರೆಸಲಿಕ್ಕೆ ನಮ್ಮ ಕಡೆಯ ಗಂಡಸರು ಹೆಗಲಿಗೆ ಹಾಕಿಕೊಳ್ಳುವ ಚೌಕದ ಬಟ್ಟೆ. ದಲಾಲರಿಗೆ ಅದರಿಂದ ಇನ್ನೂ ಒಂದು ಉಪಯೋಗವಿತ್ತು, ಮುಂದೆ ಹೇಳುತ್ತೇನೆ. ಕಾಕಾ ಪಕ್ಷದ ಮನುಷ್ಯ. ಯಾವ ಪಕ್ಷವೆಂದು ಹೇಳಿ ಈ ವಯಸ್ಸಿನಲ್ಲಿ ಜಗಳ ಹಚ್ಚಲಾರೆ. ಹೇಳಿದರೆ ಒಬ್ಬರು ನಮ್ಮವರು ಎಂದು ಹೆಗಲ ಮೇಲೆ ಹೊತ್ತುಕೊಂಡಾರು, ಇನ್ನೊಬ್ಬರು ಕೆಳಗೆ ಕೆಡವಿಯಾರು.

ಕಮಲಾಪುರದಲ್ಲಿ ನಮ್ಮದೊಂದು ಸಣ್ಣ ಬಾಳೆತೋಟ. ರಜಾಕಾರರ ಗದ್ದಲದಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಹೋಗಿದ್ದೆವು. ಅಲ್ಲಿ ಅಪ್ಪ ಜ್ವರಕ್ಕೆ ತೀರಿಕೊಂಡ. ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ ಅವ್ವ ನನ್ನನ್ನು ಕರೆದುಕೊಂಡು ಮರಳಿ ಬಂದಾಗ ತೋಟ ಒಣಗಿ ನಿಂತಿತ್ತು. ನಮ್ಮ ಮಗ್ಗುಲಿನ ತೋಟದ ಮುಸಲ್ಮಾನರ ಮನೆಗೆ ಬೀಗ ಬಿದ್ದಿತ್ತು. ನಾವು ಹೋದಾಗ ನಮ್ಮ ಎಮ್ಮೆಗೆ ನೀರು ಕುಡಿಸಿದವರು ಅವರು. ನಾವು ಬಂದಾಗ ಅವರು ಇರಲಿಲ್ಲ… ಆ ಕಾಲವೇ ಹಾಗಿತ್ತು, ಯಾರ ಅಳು ಯಾರು ಅಳಬೇಕೋ ತಿಳಿಯುತ್ತಿರಲಿಲ್ಲ.

ಅವ್ವ ಅಳುತ್ತ ಕೂರುವ ಪೈಕಿಯವಳಲ್ಲ. ಸೀರೆ ಎತ್ತಿ ಕಟ್ಟಿ ಬಾವಿಗೆ ನೀರೆತ್ತುವ ಕಪಿಲೆ ಹೂಡಿದಳು. ಎರಡು ಬೆಳೆ ತೆಗೆದಳು. ಹದಿನೈದರ ಹುಡುಗಿಯಾದ ನಾನು ಅವಳ ಜೊತೆ ಕಂದು ನೆಟ್ಟೆ, ಗೊನೆ ಹೊತ್ತೆ. ಆದರೆ ಮಾರುವ ಕೆಲಸ ಮಾತ್ರ ದೊಡ್ಡಪ್ಪನದು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಕೆಸರೆಲ್ಲ ನಮ್ಮ ಕೈಗೆ, ಮೊಸರೆಲ್ಲ ದೊಡ್ಡಪ್ಪನ ಬಾಯಿಗೆ. ಏನು ಧಾರಣೆ ಸಿಕ್ಕಿತು ಎಂದು ಅವ್ವ ಕೇಳಿದರೆ, “ಬಜಾರ ಬಿದ್ದದ” ಎನ್ನುತ್ತಿದ್ದ. ಅವನ ಬಜಾರ ಒಂದು ದಿನವೂ ಎದ್ದದ್ದನ್ನು ನಾವು ಕೇಳಲಿಲ್ಲ. ಕೊನೆಗೆ ಒಂದು ದಿನ, “ಹೆಣ್ಮಕ್ಕಳು ಮಾರಲಾರದ ತ್ವಾಟ ಇಟ್ಕೊಂಡು ಏನ್ ಮಾಡ್ತೀರಿ? ನನಗ ಬಿಟ್ಟುಕೊಡ್ರಿ. ನಮ್ಮ ಮನ್ಯಾಗ ರೊಟ್ಟಿ ಬಡ್ಕೊಂಡು ಇರ್ರಿ” ಎಂದ. ಯುಗಾದಿಯ ತನಕ ಗಡುವನ್ನೂ ಕೊಟ್ಟ.

ಅವನ ಮಾತಿನಲ್ಲಿ ಒಂದು ನಿಜ ಇತ್ತು. ಹೆಂಗಸರಿಗೆ ಮಾರಲು ಬರುತ್ತಿರಲಿಲ್ಲ. ಆಗ ಬಜಾರದಲ್ಲಿ ಧಾರಣೆಯನ್ನು ಬಾಯಿಂದ ಆಡುತ್ತಿರಲಿಲ್ಲ. ದಲಾಲ ಮತ್ತು ಕೊಳ್ಳುವವನು ಕೈಗೆ ಕೈ ಕೊಟ್ಟು, ಮೇಲೆ ದಸ್ತಿ ಮುಚ್ಚಿ, ಅದರ ಕೆಳಗೆ ಬೆರಳು ಒತ್ತಿ ಮಾತಾಡುತ್ತಿದ್ದರು. ಇಷ್ಟು ಬೆರಳು ಹಿಡಿದರೆ ಇಷ್ಟು ಧಾರಣೆ. ಆಮೇಲೆ ದಲಾಲ ಅದೇ ದಸ್ತಿಯ ಕೆಳಗೆ ಮಾಲಿನ ಮಾಲಕನ ಕೈ ಹಿಡಿದು ತಿಳಿಸುತ್ತಿದ್ದ. ಪಕ್ಕದಲ್ಲಿ ನಿಂತವನಿಗೂ ಗೊತ್ತಾಗುತ್ತಿರಲಿಲ್ಲ. ಪರ ಗಂಡಸಿನ ಕೈಯನ್ನು ನಡು ಬಜಾರದಲ್ಲಿ ಬಟ್ಟೆಯ ಕೆಳಗೆ ಹಿಡಿಯುವ ಹೆಂಗಸು ಎಲ್ಲಿದ್ದಾಳೆ? ಹಾಗಾಗಿ ಬೆಳೆದವಳು ಯಾರೇ ಆಗಲಿ, ಮಾರುವವನು ಒಬ್ಬ ದೊಡ್ಡಪ್ಪನೇ.

ಆಗ ಬಂತು ಓಟು. ಹೈದರಾಬಾದ್ ಸಂಸ್ಥಾನದಲ್ಲಿ ನಮ್ಮಂಥವರು ಮೊದಲ ಸಲ ಓಟು ಹಾಕುವ ಸಂಭ್ರಮ. ಕಮಲಾಪುರದ ಬೇವಿನ ಮರದ ಕೆಳಗೆ ಎರಡು ಹಗ್ಗದ ಹೊರಸು ಜೋಡಿಸಿ ವೇದಿಕೆ ಮಾಡಿ ಪಕ್ಷದವರು ಸಭೆ ಮಾಡಿದರು. ಭಾಷಣಕ್ಕೆ ಬಂದವರು ದಲಾಲಿ ಕಾಕಾ. ಭಾಷಣವೆಂದರೆ ಅವರಿಗೆ ಹುಚ್ಚು. ಬರುತ್ತಿತ್ತೋ ಎಂದರೆ ಅಷ್ಟೇನೂ ಬರುತ್ತಿರಲಿಲ್ಲ. ಒಂದೇ ಮಾತನ್ನು ಹಿಂದೆ ಮುಂದೆ ತಿರುಗಿಸಿ ಹೇಳುವರು, ನಡುನಡುವೆ ಟೋಪಿಯನ್ನು ಹಿಂದಕ್ಕೆ ಸರಿಸುವರು. “ನಮ್ಮ ಪಕ್ಷ ಗೆದ್ದರ ರಸ್ತಾ ಆಗ್ತಾವ, ರಸ್ತಾದಾಗ ಕೆಲ್ಸ ಸಿಗ್ತದ. ಗಿರಣಿ ಬರ್ತಾವ, ಗಿರಣ್ಯಾಗ ಕೆಲ್ಸ ಸಿಗ್ತದ. ಗಂಡಸಿರಲಿ, ಹೆಂಗಸಿರಲಿ, ಬೆಳದವರೇ ಮಾರಬೇಕು, ದುಡದವರೇ ಉಣಬೇಕು! ನಮ್ಮ ಬಜಾರದ ಬಾಗಿಲು ಎಲ್ಲಾರಿಗೂ ತೆರದದ!” ಜನ ಚಪ್ಪಾಳೆ ತಟ್ಟಿದರು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಮ್ಮ ಹಿಂದೆ ಕೂತ ಮುದುಕನೊಬ್ಬ ಗೊಣಗಿದ. ಅವ್ವ ತಿರುಗಿ ಅವನನ್ನು ಗದರಿದಳು. ಅವಳು ಆ ಮಾತನ್ನು ಪೂರಾ ನಂಬಿಬಿಟ್ಟಿದ್ದಳು.

ನಂಬಿದ ಮೇಲೆ ಅವ್ವ ತಡ ಮಾಡಲಿಲ್ಲ. ದೊಡ್ಡಪ್ಪ ಬೀಗರ ಊರಿಗೆ ಹೋದ ವಾರ ನೋಡಿ, ಗೊನೆ ಕಡಿದು, ಬಾಡಿಗೆ ಬಂಡಿಗೆ ಹುಲ್ಲು ಹಾಸಿ ಹೇರಿದಳು. ನಾವು ಸ್ಟೇಶನ್ ಬಜಾರ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಕಾಕಾ ನಮ್ಮನ್ನು ನೋಡಿ, “ನಿಮ್ಮ ಭಾವ ಎಲ್ಲ್ಯಾರ‍್ರೀ ಯಕ್ಕಾ?” ಎಂದು ಕೇಳಿದರು. “ಯಾಕ್ರೀ ಸಾವ್ಕಾರ್ರ, ಬೆಳದಾಕಿ ನಾ ಬಂದೀನಲ್ಲ” ಎಂದಳು ಅವ್ವ. ಕಾಕಾ ನಕ್ಕರು, ತಮಾಷೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಸೊಲ್ಲಾಪುರಕ್ಕೆ ಮಾಲು ಕಳಿಸುವ ವ್ಯಾಪಾರಿಯೊಬ್ಬ ಬಂದು ಗೊನೆ ಒತ್ತಿ ನೋಡಿದ. ರೂಢಿಯಂತೆ ಕೈ ಚಾಚಿದ. ಕಾಕಾ ಹೆಗಲ ದಸ್ತಿ ಎಳೆದು ಆ ಕೈಯ ಮೇಲೆ ಹಾಸಿದರು. ಅವರು ತಮ್ಮ ಕೈ ತೂರಿಸುವ ಮೊದಲೇ ಅವ್ವ ತನ್ನ ಕೈ ತೂರಿಸಿಬಿಟ್ಟಳು!

ವ್ಯಾಪಾರಿ ಚೇಳು ಕಡಿದವನ ಹಾಗೆ ಕೈ ಕಿತ್ತುಕೊಂಡ. ಸುತ್ತಲಿನ ಅಂಗಡಿಯವರಲ್ಲಿ ಒಬ್ಬ ಕಿಸಕ್ಕನೆ ನಕ್ಕ, ಒಬ್ಬ ಸಿಳ್ಳೆ ಹಾಕಿದ, ಇನ್ನೊಬ್ಬ ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಅವ್ವನ ಮುಖ ಕಪ್ಪಿಟ್ಟಿತು. ಆದರೂ ಹಿಂದೆ ಸರಿಯಲಿಲ್ಲ. “ನೀವ ಹೇಳಿದ್ರಲ್ರೀ, ಬೇವಿನ ಗಿಡದ ಬುಡಕ ನಿಂತು? ಬೆಳದವರೇ ಮಾರಬೇಕು ಅಂತ? ಮಾರೋದು ಹಿಂಗ ಅಲ್ಲೇನ್ರಿ?” ಎಂದಳು. ಅವಳು ಕುಹಕಕ್ಕೆ ಕೇಳಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದಳು. ನಾನು ಬಂಡಿಯ ಗಾಲಿ ಹಿಡಿದುಕೊಂಡು ನಿಂತಿದ್ದೆ. ಇಂದು ಮಾಲು ಮಾರದೆ ಹಿಂದಿರುಗಿದರೆ ತೋಟ ದೊಡ್ಡಪ್ಪನದು, ನಾವು ಅವನ ಅಡುಗೆಮನೆಯ ಪಾಲು. ಅದು ನನಗೆ ಗೊತ್ತಿತ್ತು.

ಕಾಕಾ ದಸ್ತಿ ಹಿಡಿದುಕೊಂಡು ನಿಂತೇ ಇದ್ದರು. ಟೋಪಿ ಹಿಂದಕ್ಕೆ ಸರಿಸಿದರು, ಮತ್ತೆ ಮುಂದಕ್ಕೆ ಎಳೆದರು. ಪಕ್ಕದ ಅಂಗಡಿಯವನು, ಅವನೂ ಪಕ್ಷದವನೇ, “ಭಾಷಣ ಭಾಷಣ, ವ್ಯಾಪಾರ ವ್ಯಾಪಾರ. ಕಳಸ್ರಿ ಆಕಿನ್ನ” ಎಂದು ಕೂಗಿದ. ಆ ಮಾತೇ ಅವರಿಗೆ ನಾಟಿತೋ ಏನೋ. ದಸ್ತಿಯನ್ನು ಜಾಡಿಸಿ, ಮಡಿಚಿ, ಹೆಗಲ ಮೇಲೆ ಹಾಕಿಕೊಂಡರು. “ಇಲ್ರೀ ಯಕ್ಕಾ, ಮಾರೋದು ಹಿಂಗ ಅಲ್ಲ. ಬಾಯಿಲೆ ಮಾರೂಣು” ಎಂದರು. ನಮ್ಮ ಬಂಡಿ ಹತ್ತಿ ನಿಂತು, ಗೊನೆಯೊಂದನ್ನು ಎತ್ತಿ ಹಿಡಿದು, ಹರಾಜಿನ ಸವಾಲು ಕೂಗಿದರು. ಬಜಾರಕ್ಕೆ ಬಜಾರವೇ ಕೇಳುವಂತೆ ಧಾರಣೆ ಕೂಗಿದರು!

ಯಾರೂ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟರೆ ಇಷ್ಟು ದಿನ ಯಾರಿಗೆ ಎಷ್ಟು ಕೊಟ್ಟಿದ್ದೇವೆ ಎಂಬುದು ಹೊರಗೆ ಬೀಳುತ್ತದಲ್ಲ. ಕಾಕಾ ಮತ್ತೆ ಕೂಗಿದರು. ಆಗ ಹಿಂದಿನಿಂದ ಒಬ್ಬ ಮುದುಕ ಬಾಗವಾನ, ತಲೆಯ ಮೇಲೆ ಬುಟ್ಟಿ ಹೊತ್ತು ಹಣ್ಣು ಮಾರುವವನು, ಜನರನ್ನು ಸರಿಸಿಕೊಂಡು ಮುಂದೆ ಬಂದ. “ಅರೇ ಸೇಠ್, ಖುಲ್ಲಾ ಬೋಲೇ ತೋ ಖುಲ್ಲಾಚ್ ಸಹೀ!” ಎಂದು ನಗುತ್ತ ಗಟ್ಟಿಯಾಗಿ ತನ್ನ ಧಾರಣೆ ಹೇಳಿದ. ಬಹಿರಂಗ ಅಂದರೆ ಬಹಿರಂಗವೇ ಆಗಲಿ ಎಂದನಲ್ಲ ಪುಣ್ಯಾತ್ಮ! ಅವನ ಮೇಲೆ ಇನ್ನೊಬ್ಬ ಕೂಗಿದ. ಆಮೇಲೆ ಕೈ ಕಿತ್ತುಕೊಂಡ ಸೊಲ್ಲಾಪುರದವನೂ ಕೂಗಿದ. ನಮ್ಮ ಬಂಡಿ ಖಾಲಿಯಾಯಿತು. ದೊಡ್ಡಪ್ಪನ ಬಜಾರ ಅಷ್ಟು ದಿನ ಎಲ್ಲಿ ಬಿದ್ದಿತ್ತೆಂದು ಅವ್ವನಿಗೆ ಅಂದು ತಿಳಿಯಿತು. ಊರು ಹತ್ತಿರವಾದಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಯುಗಾದಿಗೆ ದೊಡ್ಡಪ್ಪ ಬಂದ, ಹೋಳಿಗೆ ಉಂಡು ಹೋದ. ತೋಟದ ಮಾತು ಎತ್ತಲಿಲ್ಲ.

ಕಾಕಾ ಆ ದಸ್ತಿಯನ್ನು ಮತ್ತೆ ಕೈ ಮೇಲೆ ಹಾಸಲಿಲ್ಲ. ತಮ್ಮ ಅಂಗಡಿಯಲ್ಲಿ ಎಲ್ಲ ಮಾಲೂ ಬಾಯಿಂದಲೇ ಎಂದುಬಿಟ್ಟರು. ಸುತ್ತಲಿನ ಹಳ್ಳಿಗಳಿಂದ ಪೇರಲ ತಂದವರು, ಸೀತಾಫಲ ತಂದವರು, ಗಂಡ ಸತ್ತವರು, ಗಂಡ ಇದ್ದೂ ಇಲ್ಲದವರು, ಹೆಂಗಸರು ಒಬ್ಬೊಬ್ಬರಾಗಿ ಅಲ್ಲಿಗೆ ಬರತೊಡಗಿದರು. ಬಜಾರದವರು ‘ಬಳಿ ಅಂಗಡಿ’, ಅಂದರೆ ಬಳೆ ತೊಟ್ಟವರ ಅಂಗಡಿ, ಎಂದು ಚಾಷ್ಟಿ ಮಾಡಿದರು. ಅವ್ವ ಪ್ರತಿ ಬೆಳೆಯ ಮೊದಲ ಗೊನೆಯನ್ನು ಕಾಕಾನ ಬಾಗಿಲ ಗೂಟಕ್ಕೆ ತೂಗುಹಾಕುತ್ತಿದ್ದಳು. ನಮ್ಮಲ್ಲಿ ಮೊದಲ ಗೊನೆ ದೇವರಿಗೆ. “ಯಕ್ಕಾ, ನಾ ದೇವರಲ್ಲ, ದಲಾಲ” ಎಂದು ಅವರು ಬೈಯುತ್ತಿದ್ದರು. ಬೈದು, ಹಣ್ಣನ್ನು ಹಮಾಲರಿಗೆಲ್ಲ ಹಂಚುತ್ತಿದ್ದರು.

ಆದರೆ ದೊಡ್ಡ ವ್ಯಾಪಾರಿಗಳು ಅವರ ಅಂಗಡಿಯ ಕಡೆ ತಲೆ ಹಾಕುವುದನ್ನು ಬಿಟ್ಟರು. ದಸ್ತಿಯ ಕತ್ತಲೆ ಅವರಿಗೆ ತಂಪಾಗಿತ್ತು. ಪಕ್ಷದವರೂ ಮುಂದಿನ ಸಭೆಗಳಿಗೆ ಕಾಕಾನನ್ನು ಕರೆಯಲಿಲ್ಲ. ರಸ್ತೆ ಆದವು, ಸಾಲೆ ಆದವು, ಒಂದಿಷ್ಟು ಜನರಿಗೆ ಕೆಲಸವೂ ಸಿಕ್ಕಿತು, ಸುಳ್ಳು ಹೇಳಬಾರದು. ಬಜಾರದ ಬಾಗಿಲಿನ ಮಾತನ್ನು ಮಾತ್ರ ಆಡಿದವರೊಬ್ಬರೇ ನಡೆಸಿದರು. ಸಂಸ್ಥಾನ ಒಡೆದು ನಾವೆಲ್ಲ ಮೈಸೂರು ರಾಜ್ಯಕ್ಕೆ ಸೇರಿದ ವರ್ಷದ ಹೊತ್ತಿಗೆ ಅವರ ಅಂಗಡಿಗೆ ಬರುತ್ತಿದ್ದವರು ನಾವು ಹೆಂಗಸರು ಮತ್ತು ಬುಟ್ಟಿಯ ಬಾಗವಾನರಷ್ಟೇ. ಒಂದು ಸಲ ಹೋದಾಗ ಬಾಗಿಲು ಹಾಕಿತ್ತು. ಲಾತೂರಿನ ಮಗಳ ಮನೆಗೆ ಹೋದರಂತೆ. ಅಲ್ಲಿಯೇ ತೀರಿಕೊಂಡರಂತೆ… ಯಾವಾಗ ಎಂದು ನಮಗೆ ಹೇಳುವವರೂ ಇರಲಿಲ್ಲ.

ಬಾಗಿಲು ಹಾಕಿದ್ದ ಆ ದಿನ ಅವ್ವ ಮೊದಲ ಗೊನೆಯನ್ನು ಅದೇ ಬಾಗಿಲ ಗೂಟಕ್ಕೆ ತೂಗುಹಾಕಿದಳು. ಬಂಡಿ ಹತ್ತಿ ನಿಂತು ತನ್ನ ಮಾಲಿನ ಸವಾಲು ತಾನೇ ಕೂಗಿದಳು. ಅವಳ ನಂತರ ನಾನು ಕೂಗಿದೆ, ಈ ದನಿ ಹೋಗುವ ತನಕ ಕೂಗಿದೆ. ನಾವೀಗ ಇರುವ ಖೂಬಾ ಪ್ಲಾಟ್‌ನ ಮನೆ ಕಟ್ಟಿಸಿದ್ದು, ಮಕ್ಕಳನ್ನು ಓದಿಸಿದ್ದು ಈ ಗಂಟಲು. ಬಹಿರಂಗ ಸವಾಲು ಆಮೇಲೆ ಕಾಯಿದೆಯೇ ಆಯಿತು. ಈಗಿನ ಹುಡುಗರಿಗೆ ದಸ್ತಿಯ ಕೆಳಗೆ ವ್ಯಾಪಾರ ಎಂದರೆ ಕಥೆ ಅನ್ನಿಸುತ್ತದೆ. ನನಗೆ ಅದು ಒಬ್ಬ ಮನುಷ್ಯನ ಋಣ. ಅವರಿಗೆ ಒಂದು ಸಲ ಕೈ ಮುಗಿದು ಹೇಳಬೇಕಿತ್ತು, ಹೇಳಲಾಗಲಿಲ್ಲ.

ಮೊನ್ನೆ ಸೂಪರ್ ಮಾರ್ಕೆಟ್‌ನ ಗಾಡಿಯವಳಿಗೆ ಇಪ್ಪತ್ತೈದು ಇದ್ದೀತು. ನನ್ನ ನರೆಗೂದಲು ನೋಡಿ ಮರುಕವಾಯಿತೋ ಏನೋ, ಬಗ್ಗಿ ಕಿವಿಯಲ್ಲಿ, “ಅಜ್ಜಿ, ನಿಮಗಂತ ಕಮ್ಮಿ ಹೇಳ್ತೀನಿ. ಯಾರಿಗೂ ಹೇಳಬ್ಯಾಡ್ರಿ” ಎಂದಳು. “ಕಮ್ಮಿ ಬ್ಯಾಡವ್ವ” ಎಂದೆ. “ಎಲ್ಲಾರಿಗೂ ಹೇಳೋ ಧಾರಣಿನೇ ಹೇಳು. ಜೋರಾಗಿ ಹೇಳು.”

ಅವಳು ನನ್ನನ್ನೊಮ್ಮೆ, ಸೊಸೆಯನ್ನೊಮ್ಮೆ ನೋಡಿ, ಮುದುಕಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡು, ರಸ್ತೆಯ ಆಚೆಗೂ ಕೇಳುವಂತೆ ಕೂಗಿದಳು. ಬಜಾರಕ್ಕೆಲ್ಲ ಕೇಳಿಸಿತು. ಕೇಳಬೇಕಾದವರು ಮಾತ್ರ ಇರಲಿಲ್ಲ.